ಎಡಗೈಯ ಲೆಕ್ಕ

ಮಂಗಳವಾರ ಬೆಳಿಗ್ಗೆ ಎರ್ಮಿಂದಾ ಬಂದು ನನ್ನೆದುರು ಕೂತಳು,
ಒದ್ದೆ ಕೊಡೆಯನ್ನು ಮೊಣಕಾಲ ಸಂದಿಗೆ ಸಿಕ್ಕಿಸಿಕೊಂಡು.
ವಯಸ್ಸು ಎಪ್ಪತ್ತೊಂಬತ್ತು. ಬಿಪಿ ಸರಿ. ಸಕ್ಕರೆ ಸರಿ.
"ಇನ್ನೇನು ಉಳಿದಿದೆ ಅಳೆಯೋದಕ್ಕೆ?"

ಡೈನಮೋಮೀಟರ್ ಕೊಟ್ಟೆ. ತಿರುಗಿಸಿ ನೋಡಿದಳು,
ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ.
ಮೊಣಕೈ ಮಡಿಸಿ. ಉಸಿರು ಬಿಡಿ. ಹಿಂಡಿ,
ಇನ್ನೂ, ಇನ್ನೂ, ಇನ್ನೂ, ಸಾಕು.
ಹದಿನಾಲ್ಕು ಕಿಲೋ. ಹದಿಮೂರು. ಮತ್ತೆ ಹದಿನಾಲ್ಕು.
ಹೆಂಗಸರಿಗೆ ಹದಿನಾರರ ಕೆಳಗೆ ಕೆಂಪು ಶಾಯಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ.
ಅಂಗೈಯೇ ಕನ್ನಡಿ ಅನ್ನುವುದನ್ನು ಹೇಗೆ ಹೇಳಲಿ?
ಮುಷ್ಟಿ ಸಡಿಲಾದಲ್ಲಿ ತೊಡೆಯೂ ಸಡಿಲಾಗಿರುತ್ತದೆ,
ಕುರ್ಚಿಯಿಂದ ಏಳುವ ಮುನ್ನ ಎರಡು ಸಲ ತೂಗುವುದು,
ಬಚ್ಚಲ ನೆಲ, ಬಸ್ಸಿನ ಕಂಬಿ
ಬೆರಳಿಗೆ ಸಿಕ್ಕಿಯೂ ಸಿಗದ ಗಳಿಗೆ,
ಎಲ್ಲ ಈ ಮುಳ್ಳಿನ ತುದಿಯಲ್ಲಿ ಮೊದಲೇ ನಡುಗುತ್ತದೆ ಎಂದು?
ಹೇಳಿದೆ, ತೊದಲುತ್ತ.

"ಹೌದು," ಅಂದಳು, ಕಳವು ಸಿಕ್ಕಿಬಿದ್ದವಳ ಹಾಗೆ.
ಗುಂಡಿಯ ಅಂಗಿ ಬಿಟ್ಟು ಎರಡು ಚಳಿಗಾಲವಾಯಿತು.
ಕಾಫಿ ಪಾತ್ರೆಯ ತಿರುಪು ಬಿಗಿಯಾದ ದಿನ
ಬರಿ ಹಾಲು ಕುಡಿದು ಸುಮ್ಮನಾಗುತ್ತಾಳೆ.

ಮೂವತ್ತೊಂದು ವರ್ಷ ಈ ಬಲಗೈ ರಾಸ್ಪಾ ಹಿಡಿದಿತ್ತು.
ಗಲೀಸಿಯಾದ ಈ ದಂಡೆಯಲ್ಲಿ ಅಲೆ ಹಿಂದೆ ಸರಿದಾಗ
ಆರೇಳು ಎಣಿಸುವಷ್ಟರಲ್ಲಿ ಬಂಡೆಗಿಳಿದು
ಪೆರ್ಸೆಬೆ ಕೆತ್ತಿ ಮೇಲೇರಬೇಕು.
ತಲೆಯನ್ನು ಕಲ್ಲಿಗೆ ಅಂಟಿಸಿ, ಕಾಲಿನಿಂದ ಉಣ್ಣುವ ಜೀವಿ,
ಒಮ್ಮೆ ಹಿಡಿದ ಜಾಗ ಸಾಯುವ ತನಕ ಬಿಡುವುದಿಲ್ಲ.
"ಅದಕ್ಕಿಂತ ಒಂದು ಪಟ್ಟು ಹೆಚ್ಚು ಹಟ ಹಿಡಿದರೆ
ಸಂಜೆಗೆ ಒಂದು ಹಿಡಿ ಕಾಸು."
ನಾನು ಲುಗೋ ಕಡೆಯವಳು, ಸಮುದ್ರ ನೋಡಿದ್ದೇ ಕೆಲಸ ಸಿಕ್ಕ ಮೇಲೆ.
ತಲೆಯಾಡಿಸಿದೆ.

"ಎಡಗೈ?" ಎಂದೆ, ಖಾಲಿ ಕಾಲಂ ತುಂಬಲೆಂದು.
ಇಪ್ಪತ್ತೆರಡು.
ಯಂತ್ರ ಕೆಟ್ಟಿತೆಂದು ನಾನೇ ಹಿಂಡಿ ನೋಡಿ ಮತ್ತೆ ಕೊಟ್ಟೆ.
ಇಪ್ಪತ್ತಮೂರು.

"ಸೆವೆರೀನೋಗೆ ಎಡಭಾಗ ಬಿದ್ದುಹೋಗಿತ್ತಲ್ಲ.
ಎದುರು ನಿಂತು, ಅವನ ಬಲಗೈಗೆ ನನ್ನ ಎಡಗೈ ಕೊಟ್ಟು
ದಿನಕ್ಕೆ ಹತ್ತು ಸಲ ಎಬ್ಬಿಸುತ್ತಿದ್ದೆ,
ಹಾಸಿಗೆಯಿಂದ, ಕಮೋಡಿನಿಂದ, ಸಿಟ್ಟಿನಿಂದ.
ಒಂಬತ್ತು ವರ್ಷ. ತೊಂಬತ್ತು ಕಿಲೋ ಆಳು."
ಹೋದ ನವೆಂಬರಿನಲ್ಲಿ ತೀರಿಕೊಂಡ.
ಕೈ ಹಿಡಿದವನು ಅನ್ನುತ್ತೇವೆ ಗಂಡನಿಗೆ.
ಹಿಡಿದದ್ದು ಯಾರೆಂದು ಮುಳ್ಳು ತೋರಿಸುತ್ತಿತ್ತು.

ಮುಂದೇನು ಹೇಳಲೂ ತೋಚದೆ ಪಾಠ ಒಪ್ಪಿಸಿದೆ:
ಒದ್ದೆ ಟವೆಲು ಹಿಂಡಿ. ಎರಡೂ ಕೈಗೆ ನೀರಿನ ಬಾಟಲಿ ಹಿಡಿದು
ಮೆಟ್ಟಿಲು ಹತ್ತಿ ಇಳಿಯಿರಿ, ವಾರಕ್ಕೆ ಮೂರು ದಿನ.
ಕೆಲಸ ಕೊಡದ ಕೈ ತಾನಾಗಿ ಕುಗ್ಗುತ್ತದೆ, ಎಡಗೈ ಕೂಡ.
"ಬಾಟಲಿ ಎಷ್ಟು ತೂಕ?"
ಒಂದೂವರೆ ಕಿಲೋ.
ಕಿಟಕಿಯಾಚೆ ಹಾರುವ ಕಡಲಹಕ್ಕಿಯ ಮೇಲೆ ಕಣ್ಣಿಟ್ಟು
ತುಟಿಯಲ್ಲೇ ಲೆಕ್ಕ ಹಾಕಿದಳು.
"ಹಾಗಾದರೆ ಸೆವೆರೀನೋ ಅರವತ್ತು ಬಾಟಲಿ."

ಆರು ವಾರ ಬಿಟ್ಟು ಬಂದಾಗ ಕೈಯಲ್ಲೊಂದು ಜಾಡಿ,
ಉಪ್ಪುನೀರಲ್ಲಿ ಹಾಕಿದ ಹಸಿ ಮೆಣಸು. "ತೆಗೆ, ನೋಡುವಾ."
ಇಪ್ಪತ್ತೇಳರ ಪ್ರಾಯದ ನಾನು ಬಟ್ಟೆ ಸುತ್ತಿದೆ,
ಮೇಜಿಗೆ ಕುಟ್ಟಿದೆ, ಮುಖ ಕೆಂಪಾದದ್ದೇ ಬಂತು.
ಅವಳು ಜಾಡಿಯನ್ನು ಹೊಟ್ಟೆಗವಚಿ
ಎಡಗೈಯಿಂದ ಮುಚ್ಚಳ ತಿರುವಿ ಕೆಳಗಿಟ್ಟಳು. ನಗಲಿಲ್ಲ.
ಅಂಗಿಗೆ ಮೇಲಿನದೊಂದೇ ಗುಂಡಿ ಹಾಕಿತ್ತು, ಓರೆಯಾಗಿ.

"ಈಗ ಬಲಗೈ. ಬರ್ಕೋ."
ಹದಿನೈದೂವರೆ.
ಕೆಂಪು ಶಾಯಿಯಲ್ಲೇ ಬರೆದೆ.
ಬಗ್ಗಿ ಅಂಕಿ ಓದಿದಳು. ಯಂತ್ರಕ್ಕೆಂದು ನಾನು ಕೈ ಚಾಚಿದೆ,
ಬಿಡಲಿಲ್ಲ.