ಹಳೆಯ ಪದಗಳ ಮೇಜು

ಮೂಂಟಾದಲ್ಲಿ ನಾನು ಮಾತ್ರೆ ಕೊಡುವವಳು.
ಯಾರ ರಕ್ತ ಎಷ್ಟು ಸಿಹಿ, ಯಾರಿಗೆ ರಾತ್ರಿ ನಿದ್ದೆಯಿಲ್ಲ,
ನನಗೆ ಗೊತ್ತು. ನನ್ನ ಊರು ಅವರಿಗೆ ಗೊತ್ತಿಲ್ಲ.
ಇಂಡಿಯಾ ಅಂದರೆ ಮುಗಿಯಿತು.

ಈ ಶನಿವಾರ ಅಂಗಡಿಗೆ ಬಾಗಿಲು.
ಗಣಿ ಕೇರಿಯಲ್ಲಿ ಕಾರ್ನಿಷರ ಹಬ್ಬ.
ಮೊನ್ನೆ ಮಂಡಿನೋವಿಗೆ ಮುಲಾಮು ಒಯ್ದ ಗಂಡಸರು
ಕಪ್ಪು ವೇಸ್ಟ್‌ಕೋಟು ತೊಟ್ಟು ಬೀದಿಯಲ್ಲಿ ಕುಣಿಯುತ್ತಾರೆ,
ನಾನು ಗುರುತಿಲ್ಲದವಳ ಹಾಗೆ ನೋಡುತ್ತೇನೆ.

ಸುಣ್ಣ ಬಳಿದ ಮಣ್ಣುಗೋಡೆಯ ಮನೆಯೊಂದಕ್ಕೆ
ಎಂಟು ಡಾಲರ್ ಟಿಕೆಟ್ಟು.
ಒಂದೇ ಕೋಣೆ, ಹನ್ನೊಂದು ಮಕ್ಕಳು
ಎಂದು ಬಾನೆಟ್ ಕಟ್ಟಿದ ಹುಡುಗಿ ವಿವರಿಸುತ್ತಾಳೆ,
ಜನ ಅಯ್ಯೋ ಅನ್ನುತ್ತಾರೆ.
ನನಗೆ ಬಾಯಿ ಬರಲಿಲ್ಲ.
ಚಾಂಪಿಯನ್ ರೀಫಿನ ತಗಡಿನ ಸಾಲುಮನೆಯಲ್ಲಿ
ನಮಗೂ ಕೋಣೆ ಒಂದೇ, ನಾವು ಒಂಬತ್ತು ಜನ,
ಯಾರೂ ಟಿಕೆಟ್ಟು ಕೊಂಡು ಬಂದಿರಲಿಲ್ಲ.

ಪುಟ್ಟ ರೈಲು ಮಕ್ಕಳನ್ನು ತುಂಬಿಕೊಂಡು
ತಾಮ್ರ ತೆಗೆದು ಬಿಸಾಕಿದ ಕೆಂಪು ಗುಡ್ಡ ಸುತ್ತುತ್ತದೆ.
ಇಲ್ಲೂ ಗುಡ್ಡ. ನಮ್ಮದು ಬೂದಿ ಬಣ್ಣ,
ಗಾಳಿ ಎದ್ದ ದಿನ ಸಯನೈಡ್ ದಿಬ್ಬದ ಹುಡಿ ಅನ್ನದ ಮೇಲೂ.
ಅಗೆದವರು ಹೋಗುತ್ತಾರೆ, ಅಗೆದದ್ದೂ ಹೋಗುತ್ತದೆ,
ಬೇಡವಾದದ್ದು ಬೆಟ್ಟವಾಗಿ ನಿಲ್ಲುತ್ತದೆ.

ಚರ್ಚಿನ ಹಜಾರದಲ್ಲಿ, ಪೇಸ್ಟಿ ಮಾರುವವರ ಆಚೆ,
ಹಳೆಯ ಪದಗಳ ಮೇಜು.
ಅಜ್ಜಿ ಆಡುತ್ತಿದ್ದ ಕಾರ್ನಿಷ್ ಮಾತೊಂದು ನೆನಪಿದ್ದರೆ
ಚೀಟಿಯಲ್ಲಿ ಬರೆದು ಕೊಡಬೇಕು.
ಸತ್ತ ಭಾಷೆಯಂತೆ, ಈಗ ಎಬ್ಬಿಸುತ್ತಿದ್ದಾರಂತೆ.
ಅಡಿಲೇಡಿನಿಂದ ಬಂದ ತೆಳ್ಳನೆಯ ಮೇಷ್ಟ್ರು
ದಪ್ಪ ನಿಘಂಟು ತೆರೆದು ಕೂತಿದ್ದಾರೆ.

ನನ್ನ ಮುಂದೆ ಲವ್‌ಡೇ ಟ್ರೆಗನ್ನಿಂಗ್, ಎಂಬತ್ತಾರು,
ವಾರ್ಫರಿನ್, ಕಣ್ಣಿನ ಹನಿ, ರಾತ್ರಿಗೆ ಅರ್ಧ ಮಾತ್ರೆ.
ಇದು ನಮ್ಮ ತಾತನಿಂದ ಬಂದದ್ದು, ಅಂದರು,
ಇನ್ನು ಬಡಿಸಬೇಡ ಅನ್ನಲು, ಊಟದ ಹೊತ್ತಿಗೆ.
ಮೇಷ್ಟ್ರು ಎಸ್‌ನಲ್ಲಿ ಹುಡುಕಿದರು, ಜೆಡ್‌ನಲ್ಲಿ ಹುಡುಕಿದರು.
ಇಲ್ಲ. ಹೇಗೆ ಹೇಳುತ್ತಿದ್ದರು?
ಲವ್‌ಡೇ ಎಡಗೈ ಎತ್ತಿ, ಇಲ್ಲದ ತಟ್ಟೆಗೆ ಅಡ್ಡ ಹಿಡಿದು,
ನಮ್ಮ ಸೋದರತ್ತೆ ಹಿಡಿಯುವ ಹಾಗೆಯೇ, ಬೆರಳು ಬಿಡಿಸಿ,
ಸಾಕು, ಅಂದರು. ಸಾಕು ಸಾಕು.

ಕೈಯಲ್ಲಿದ್ದ ಪೇಸ್ಟಿ ಇನ್ನೂ ಬಿಸಿಯಿತ್ತು.
ಅದರ ಮೂಲೆಯಲ್ಲಿ ಯಾರದೋ ಹೆಸರಿನ ಮೊದಲಕ್ಷರ.
ಸುಮ್ಮನಿರಬಹುದಿತ್ತು, ಹಬ್ಬ ಅವರದು.

ಅದು ಕನ್ನಡ, ಅಂದೆ.
ಮೇಷ್ಟ್ರು ಪೆನ್ನು ಕೆಳಗಿಟ್ಟರು.
ನಿಮ್ಮ ತಾತ ಎಲ್ಲೆಲ್ಲಿ ಗಣಿ ಇಳಿದಿದ್ದರು?
ಇಲ್ಲಿ. ಆಮೇಲೆ ಕಾಲ್ಗೂರ್ಲಿ. ಆಮೇಲೆ ಮೈಸೂರು, ಎಂಟು ವರ್ಷ,
ಎದೆ ಹಾಳು ಮಾಡಿಕೊಂಡು ಬಂದರು.
ಮೈಸೂರಲ್ಲ, ಕೋಲಾರ. ಅಲ್ಲಿ ನನ್ನ ಮುತ್ತಾತ ಕದಿರಪ್ಪ
ಸುರಂಗಕ್ಕೆ ಮರದ ಕಂಬ ನಿಲ್ಲಿಸುತ್ತಿದ್ದ.
ಅವನ ಎದೆಯೂ ಹಾಗೇ.

ಲವ್‌ಡೇ ನಕ್ಕರು, ಹಲ್ಲುಸೆಟ್ಟು ಅಲ್ಲಾಡುವಷ್ಟು:
ನಾಲ್ಕು ತಲೆಮಾರು ಕನ್ನಡದಲ್ಲಿ ಊಟ ಮುಗಿಸಿದ್ದೇವೆ!
ಆಮೇಲೆ ನಗು ನಿಂತಿತು.
ಅಲ್ಲಿ ತಾತನಿಗೆ ಬಡಿಸುತ್ತಿದ್ದವರು ಯಾರಿರಬಹುದು?

ಗೊತ್ತಿಲ್ಲ.
ಅಡಿಗೆಯವನಿಂದ ಕಲಿತನೋ ದೊರೆ,
ಇಲ್ಲಾ, ಮೂರು ಸಾವಿರ ಅಡಿ ಕೆಳಗೆ
ಇನ್ನೊಂದು ಪಾಳಿ ನಿಲ್ಲು ಎಂದಾಗ
ಒಬ್ಬ ಅಂದದ್ದು ಕಿವಿಗೆ ಬಿತ್ತೋ.
ಬಿದ್ದು, ಕೇಳದವನ ಹಾಗೆ ನಡೆದನೋ.
ಉಂಡವನಿಗೂ ಅದೇ ಪದ, ಆಗದವನಿಗೂ ಅದೇ ಪದ.

ಯಾರೋ ಪ್ರೀತಿಯಿಂದ ಬಡಿಸಿರಬೇಕು, ಅಂದೆ.
ಮಾತ್ರೆ ಕೊಡುವವಳ ಬುದ್ಧಿ. ಸಣ್ಣ ಡೋಸು.

ಚೀಟಿ ಯಾವ ಡಬ್ಬಿಗೆ ಹಾಕುವುದೋ ಮೇಷ್ಟ್ರಿಗೆ ತಿಳಿಯಲಿಲ್ಲ.
ಲವ್‌ಡೇ ವಾಪಸು ತೆಗೆದುಕೊಂಡು
ಒಂದೊಂದೇ ಅಕ್ಷರ ಕೇಳಿ ಕೇಳಿ ಹಿಂಬದಿಗೆ ಬರೆದರು, ಕದಿರಪ್ಪ.
ಬಡಿಸಿದವನಲ್ಲ ಅವನು, ಅಂದೆ.
ಇರಲಿ, ನನಗೆ ಗೊತ್ತಾದ ಹೆಸರು ಇದೊಂದೇ, ಅಂದರು.

ಸೋಮವಾರ ವಾರ್ಫರಿನ್‌ಗೆ ಬಂದರು.
ಚೀಲ ಕೊಡಲೇ ಅಂದೆ.
ಎಡಗೈ ಎತ್ತಿ ಅಡ್ಡ ಹಿಡಿದರು, ಬೆರಳು ಬಿಡಿಸಿ,
ಬಾಯಿ ತೆರೆದು
ಪದ ಆಡದೆ ನಿಂತರು.