ಪುಟ ಇಪ್ಪತ್ತಾರು: ತುಲನೆ

ಮೂರು ಗೆರೆ ಎಳೆದು ಕೊಟ್ಟಾರ ಸುವರ್ಣಲತಾ ಮೇಡಂ.
ಶಾಲಿ ಒಂದು, ಶಾಲಿ ಎರಡು, ಶಾಲಿ ಮೂರು.
ಎಡಕ್ಕ ಮ್ಯಾಲಿಂದ ಕೆಳಗ: ಕಟ್ಟಡ, ಬೋಧನಾ ಸಾಮಗ್ರಿ, ಮಕ್ಕಳ ಸ್ಪಂದನ.
ನಾಳಿ ಹತ್ತಕ್ಕ ಸಹಿ. ಈಗ ರಾತ್ರಿ ಹನ್ನೊಂದು,
ಹಾಸ್ಟೆಲಿನ ಫ್ಯಾನು ಅದೇ ಬಿಸಿಗಾಳಿನ
ಹಿಟ್ಟು ನಾದಿದಂಗ ನಾದ್ಲತ್ತದ.

ಸಾಮಗ್ರಿಯಿಂದ್ಲೇ ಸುರು ಮಾಡ್ತೀನಿ, ಅದು ಸಸಾರ:
ಪ್ಲಾಸ್ಟಿಕ್ ಸೇಬು, ಒಂದು. ಸೂಪರ್ ಮಾರ್ಕೆಟ್ಟಿನ ಬಂಡಿಯವ
ನಲವತ್ತು ಅಂದ, ಮೂವತ್ತಕ್ಕ ಕೊಟ್ಟ.
ಪಾಠ: ಕೆಂಪು ಬಣ್ಣ. ಮೂರೂ ಕಡಿ ಅದೇ ಪಾಠ.

ಜೇವರ್ಗಿ ರಸ್ತೆಯ ನರ್ಸರಿಯಾಗ
ಬಾಗಲಿಗಿ ಆನಿ ಚಿತ್ರ, ಒಳಗ ಎ.ಸಿ.
ನೆಲದ ತುಂಬ ರಬ್ಬರಿನ ಇಂಗ್ಲಿಷ್ ಅಕ್ಷರ, ಬಿಚ್ಚಿ ಜೋಡಿಸುವಂಥವು.
‘ಕ್ಯೂ’ ಕಳದದ. ಆ ಖಾಲಿ ತೂತಿನಾಗ
ಕಾಲಿಟ್ಟು ನಿಂದ್ರಲಾಕ ಮಕ್ಕಳು ಪಾಳಿ ಹಚ್ಚತಾರ.
ಸೇಬು ತೋರಿಸಿದೆ. ‘ರೆಡ್, ಮಿಸ್.’
ಇಪ್ಪತ್ನಾಲ್ಕು ಬಾಯಿ, ಒಂದೇ ದನಿ.
ಮುಂದೇನು ಕೇಳಬೇಕು ನನಗೇ ತಿಳೀಲಿಲ್ಲ.
ಪಾಠಕ್ಕ ಅಂತ ಬರ್ಕೊಂಡದ್ದು ನಲವತ್ತು ನಿಮಿಷ.

ಶ್ರೇಯಾಂಕ ಒಬ್ಬನೇ ಗಾಜಿಗಿ ಮೂಗು ಹಚ್ಚಿ ಅಳ್ಲತ್ತಿದ್ದ.
ಅವನ ಅವ್ವ ಬ್ಯಾಂಕಿನಾಗ ಕುಂತು, ಮೊಬೈಲಿನಾಗ ನೋಡಿ,
ಆಫೀಸಿಗಿ ಫೋನ್ ಹಚ್ಚಿದ್ಲು: ಎತ್ಕೊಳ್ಳಲಾಕ ಹೇಳ್ರಿ ಯಾರಿಗರೆ.
ಎತ್ಕೋಬಾರದು ಅಂತ ಅಲ್ಲಿ ನಿಯಮ, ಗ್ವಾಡಿಗಿ ಬರದದ,
ಎತ್ತಿದ್ರ ಚಟ ಬೀಳ್ತದಂತ.
ಹದಿನೆಂಟನೇ ದಿನ ಎತ್ಕೊಂಡೆ.
ನನ್ನ ಹಾಳಿ ಮ್ಯಾಲ ‘ಶಿಸ್ತು ಸಾಲದು’ ಅಂತ ಬಿತ್ತು.

ಮೋಮಿನಪುರದಾಗ ಅಂಗನವಾಡಿ ಅಂದ್ರ
ಒಂದು ಬಾಡಿಗಿ ಪಡಸಾಲಿ,
ಅರ್ಧ ಮಕ್ಕಳಿಗಿ, ಅರ್ಧ ಅಕ್ಕಿ ಚೀಲಕ್ಕ.
ನಾ ಹೋದದ್ದು ತೂಕದ ದಿನ. ತೊಲಿಗಿ ಕಟ್ಟಿದ ತಕ್ಕಡಿಯಾಗ
ಒಂದೊಂದು ಕೂಸು ಜೋಕಾಲಿ ಅಂತ ಕೇಕಿ ಹಾಕಿ,
ಇಳಿಸಿದ್ರ ನಕ್ಕೋ ನಕ್ಕೋ ಅಂತ ಚೀರಿ,
ಮುಳ್ಳು ನಿಂದ್ರವಲ್ದು. ತಸ್ಕೀನ್ ಆಪಾ ಪೆನ್ನು ಹಿಡದು
ಅದು ನಿಂದ್ರೂತನಕ ಕಾಯ್ದ್ರು.
ಸೇಬು ತೆಗೆದೆ. ಬಣ್ಣ ಯಾವುದು ಅನ್ನೂದ್ರಾಗ
ಝೈನಬ್ ಕಸಗೊಂಡು ಕಚ್ಚಿದ್ಲು.
ಖೋಟಾ ನೋಟು ಹಿಡಿದ ಅಂಗಡಿಯವನಂಗ
ನನ್ನ ಮಾರಿ ನೋಡಿದ್ಲು.
‘ಝೂಟ್’ ಅಂದು ತಿರುಗಿ ಕೊಟ್ಲು.
ಆಪಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡು
ಮೊಟ್ಟಿ ಸುಲೀಲಾಕ ಕುಂತ್ರು, ಖರೇ ಮೊಟ್ಟಿ.

ಚಿತ್ತಾಪುರದಾಚಿ ತಾಂಡಾ. ಕಟ್ಟಡ: ಶಹಾಬಾದಿ ಕಲ್ಲು, ತಗಡು.
ಹತ್ತಾದ್ರ ಒಳಗ ಕುಂದ್ರಲಾಕ ಆಗಂಗಿಲ್ಲ. ಅದಕ್ಕ ಬೇವಿನ ನೆರಳು.
ಅಳತಿ ಏನಂತ ಬರೀಲಿ? ಹತ್ತಕ್ಕ ಹದಿನೆಂಟು ಮಕ್ಕಳ ಅಗಲ,
ಹನ್ನೆರಡಕ್ಕ ಆರು.
ನೆರಳು ಸರದಂಗ ಚಾಪಿ ಸರೀತದ,
ಚಾಪಿ ಹಿಂದ ಶಾಲಿ.

ಅವರ ಮಾತು ನನಗ ಬರಂಗಿಲ್ಲ, ನನ್ನ ಮಾತು ಅವರಿಗಿ.
ಸಕ್ರಿಗಿ ಐದು ವರ್ಷ. ಸೊಂಟದ ಮ್ಯಾಲ ತಮ್ಮ,
ಪಟ್ಟಿಯಾಗ ಅವನ ಹೆಸರಿಲ್ಲ.
ಇಳಿಸು ಅಂತ ಕೈ ಸನ್ನಿ ಮಾಡಿದೆ.
ಅಕಿ ತಿಳಕೊಂಡದ್ದು: ಮೇಡಂಗ ಕೂಸು ಬೇಕಾಗ್ಯದ.
ತಂದು ನನ್ನ ಸೊಂಟಕ್ಕ ಏರಿಸಿ,
ಖಾಲಿಯಾದ ಎರಡೂ ಕೈ ಒಮ್ಮಿ ನೋಡ್ಕೊಂಡು,
ಓಡಿ ಹೋದ್ಲು ಆಡ್ಲಾಕ.
ಸೇಬು ಅವನ ಬಾಯಾಗ. ನಾಲ್ಕೇ ಹಲ್ಲು, ಹೊಸಾವು.
ಕೆಂಪು, ಅಂದೆ ಅವನ ಕಿವಿಯಾಗ. ಪಾಠ ಅಷ್ಟೇ ಆತು.
ಹಾಜರಿ ಒಂದೇ ಕೈಲೆ ಬರದೀನಿ,
ಅಕ್ಷರ ಸೊಟ್ಟ ಅವ, ನೋಡ್ರಿ.

ಸ್ಪಂದನ: ಮೂರೂ ಕಡಿ ‘ಉತ್ತಮ’ ಅಂತ ತುಂಬೀನಿ.
ಬ್ಯಾರೆ ಶಬ್ದಕ್ಕ ಆ ಡಬ್ಬಿಯಾಗ ಜಾಗ ಸಾಲಂಗಿಲ್ಲ.
ಸೇಬು ಟೇಬಲ್ ಮ್ಯಾಲದ. ತೊಳದೀನಿ, ಗುರುತು ಹೋಗಿಲ್ಲ.
ಮೇಡಂ ಕೇಳಿದ್ರ ಲೆಕ್ಕ ತಯಾರದ:
ಎರಡು ಝೈನಬಳವು,
ನಾಲ್ಕು ಪಟ್ಟಿಯಾಗ ಇಲ್ಲದವನವು.
ಉಳಿದದ್ದು, ದೊಡ್ಡದು,
ಈಗ ಸ್ವಲ್ಪ ಹೊತ್ತಿನ ಹಿಂದಿಂದು.