ಅರ್ಧ ಕಿಲೋ

ಅಕ್ಕೋರ, ಚೈತ್ರಾನ ವಹಿಯೊಳಗ
ಕೆಂಪು ಕಲೆ ಬಿದ್ದಾವಂತ ಬೇಸರ ಮಾಡ್ಕೋಬ್ಯಾಡ್ರಿ.
ಮಸಿ ಅಲ್ಲ ಅದು, ಡಬ್ಬಿ ಮೆಣಸಿನಕಾಯಿ.
ಬ್ಯಾಡಗಿ ಪ್ಯಾಟ್ಯಾಗ ಮುಂಜಾನಿಂದ ತುಂಬು ಬಿಡಿಸಿದ ಕೈ,
ಮೂರು ಸಲ ಸಬಕಾರ ಹಚ್ಚಿದ್ರೂ
ಉರಿ ಹೋಗೂದಿಲ್ಲ, ಬಣ್ಣಾನೂ ಹೋಗೂದಿಲ್ಲ.

ಸಹಿ ಹಾಕೂವಾಗ ಅಷ್ಟ ವಹಿ ಮುಟ್ಟತೀನಿ.
ಉಳದದ್ದೆಲ್ಲಾ ದೂರಿಂದ. ಓದು ಅಂತೀನಿ, ಓದ್ತಾಳ.
ನನ್ನ ಸೀರಿ ಘಾಟಿಗೆ ನಡುನಡುವ ಸೀನ್ತಾಳ.
ಪೂರ್ಣವಿರಾಮ ಯಾವದು, ಸೀನು ಯಾವದು
ಒಮ್ಮೊಮ್ಮೆ ತಿಳಿಯೂದಿಲ್ಲ.

ಪಾಲಕರ ಸಭಾಕ್ಕ ಬರ್ರಿ ಅಂತೀರಿ, ಹನ್ನೊಂದಕ್ಕ.
ಹನ್ನೊಂದಕ್ಕ ನನ್ನ ಮುಂದ
ಎರಡನೇ ಚೀಲ ಸುರದಿರ್ತಾರ.
ಮನ್ಯಾಗ ಅಭ್ಯಾಸ ಮಾಡಸ್ರಿ ಅಂತೀರಿ.
ನಾಕನೇತ್ತಕ್ಕ ಬಿಟ್ಟಾಕಿ ನಾ, ಆಕಿ ಈಗ ಆರನೇತ್ತ.
ಎರಡು ಮೆಟ್ಟಲ ಮ್ಯಾಲ ನಿಂತು
ಪ್ರಶ್ನೆ ಕೆಳಗ ಒಗೀತಾಳ.

ಹೋದ ಮಂಗಳವಾರ ಒಂದು ಲೆಕ್ಕ ಕೊಟ್ಟಿದ್ರಿ:
ಕಿಲೋಕ್ಕ ಹನ್ನೆರಡು ರೂಪಾಯಿ,
ಹದಿನೇಳೂವರೆ ಕಿಲೋ ಉಳ್ಳಾಗಡ್ಡಿಗೆ ಎಷ್ಟು?
ನಮ್ಮ ಕೂಲಿ ದರಾನೂ ಅಷ್ಟ ನೋಡ್ರಿ.
ನನಗದು ಮೆಣಸಿನಕಾಯಾಗಿ ಕೇಳಿಸ್ತು.
ಹಂಚಿನ ಮ್ಯಾಲಿನ ರೊಟ್ಟಿ ತಿರುವೂದರಾಗ
ಇನ್ನೂರಾ ನಾಕು ಅಂದೆ.
ಆಕಿ ಬರದ್ಲು.

ನೀವು ತಪ್ಪು ಹಾಕಿದ್ರಿ. ಕೆಳಗ ಬರದ್ರಿ,
"ಪಾಲಕರು ಗಮನ ಕೊಡಬೇಕು."
ಗಮನ ಕೊಟ್ಟಿದ್ದಕ್ಕ ತಪ್ಪಾತ್ರಿ ಅಕ್ಕೋರ.

ಕಾಟಾದ ಮ್ಯಾಲ ಹದಿನೇಳೂವರಿ ಬಂದ್ರ
ಮುನೀಮ ಹದಿನೇಳು ಬರೀತಾನ.
ಅರ್ಧ ಕಿಲೋ ಧೂಳಂತ, ಉದುರಿದ ಬೀಜಂತ.
ಹನ್ನೊಂದು ವರ್ಷ ಆತು,
ಆ ಅರ್ಧ ಕಿಲೋ ಐತಿ ಅನ್ನೂದ ಮರತಿದ್ದೆ.
ನಿಮ್ಮ ಕೆಂಪು ಪೆನ್ನು ತಂದು ಮುಂದ ಇಟ್ಟತು.

"ಯವ್ವಾ, ಆರು ರೂಪಾಯಿ ಎಲ್ಲಿ ಹೋತು?"
ಏನ ಹೇಳ್ಲಿ. ಲೈಟ್ ಆರಿಸಿ ಮಲಕೋ ಅಂದೆ.
ಕತ್ತಲದಾಗ ಆಕಿ ಮಗ್ಗಲಾ ಬದಲಸೂದು
ಬಾಳ ಹೊತ್ತು ಕೇಳತಿತ್ತು.

ರವಿವಾರ ನನ್ನ ಹಿಂದ ಬಂದ್ಲು.
ಕಾಟಾದ ಬಾಜೂಕ ಪೆನ್ಸಿಲ್ ಹಿಡದು ನಿಂತ್ಲು.
ನಂದಷ್ಟ ಅಲ್ಲ, ಹುಸೇನಬಿದು, ದ್ಯಾಮವ್ವಂದು,
ಕಣ್ಣು ಮಂಜಾದ ಗಂಗಜ್ಜಿದು.
ಕಾಟಾ ತೋರಿಸಿದ್ದು ಒಂದು ಸಾಲು,
ಮುನೀಮ ಬರದದ್ದು ಒಂದು ಸಾಲು.
"ಏನ ಬರಿಯಾಕತ್ತೀ?" ಅಂದಾ.
"ಹೋಮ್‌ವರ್ಕ್ ರೀ."
ಆಂವ ನಕ್ಕ. ಆಮ್ಯಾಲ ನಗಲಿಲ್ಲ.
ಕಡಿಯೂದಂತೂ ಕಡದಾ.

ವಹಿ ಕಡೀ ಪುಟದಾಗ ಆ ಲೆಕ್ಕ ಐತಿ.
ಕೂಡಿಸಿದ್ದು ಆಕೀನ. ನಾ ಬರೇ ಎಚ್ಚರ ಇದ್ದೆ.
ನೀವು ಕೇಳಿದ ಪುಟಕ್ಕ ಸಹಿ ಹಾಕೀನಿ,
ಫಕ್ಕೀರವ್ವ. ಒತ್ತಕ್ಷರ ಒಂಚೂರು ಸೊಟ್ಟ ಆಗ್ಯಾವ.
ಕಡೀ ಪುಟಕ್ಕ ನಿಮ್ಮದೊಂದು ಬೇಕಿತ್ತು.

ಹಗೂರಕ ತಿರುವ್ರಿ.
ತಿರುವಿದ ಕೈ ಮಾತ್ರ
ಕಣ್ಣಿಗೆ ಮುಟ್ಟಸಬ್ಯಾಡ್ರಿ.